ಬನ್ನಕ್ಕನ ಮಿಸ್ಡ್ ಕಾಲ್

ನನ್ನ ಮಗಳು ಶಾಲೆಗೆ ಹೋಗಿ ಬರುವ ವ್ಯಾನಿನ ಬಾಗಿಲು ಎಳೆದರೆ ಇವತ್ತಿಗೂ ಸಣ್ಣಗೆ ಬ್ರೆಡ್ಡಿನ ವಾಸನೆ ಬರುತ್ತದೆ. ಒಂದು ಕಾಲಕ್ಕೆ ಅದು ಬೇಕರಿಯ ವ್ಯಾನು. ಬೇಕರಿ ಮುಚ್ಚಿತು, ಒಳಗಿನ ಹಲಗೆಗಳನ್ನು ಕಿತ್ತು ಬೆಂಚು ಕೂರಿಸಿದ್ದಾಯಿತು, ಬಣ್ಣ ಬಳಿದದ್ದಾಯಿತು. ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಿಲ್ಲ. ಅದನ್ನು ಓಡಿಸುವ ಹೆಂಗಸಿಗೆ ಮಕ್ಕಳು ಬನ್ನಕ್ಕ ಎಂದು ಹೆಸರಿಟ್ಟರು. ಐವತ್ತು ದಾಟಿದವರನ್ನು ಅಕ್ಕ ಅನ್ನಬಾರದು, ಅಜ್ಜಿ ಅನ್ನು ಎಂದು ನಾನೊಮ್ಮೆ ಮಗಳನ್ನು ತಿದ್ದಲು ಹೋದೆ. "ಅಜ್ಜಿ ಅಂದ್ರೆ ಅಲ್ಲೇ ಬ್ರೇಕ್ ಹಾಕ್ತಾರಂತೆ" ಎಂದಳು. ಹಾಗಾಗಿ ನಮ್ಮೆಲ್ಲರಿಗೂ ಅವರು ಬನ್ನಕ್ಕನೇ.

ಬನ್ನಕ್ಕ ಗಾಡಿ ಓಡಿಸಲು ಕಲಿತದ್ದು ತುಂಡು ತುಂಡಾಗಿ. ಗಂಡ ಬೇಕರಿಯ ವ್ಯಾನ್ ಓಡಿಸುತ್ತಿದ್ದರು, ಇವರು ಪಕ್ಕದಲ್ಲಿ ಕೂತು ಅಂಗಡಿ ಅಂಗಡಿಗೆ ಬ್ರೆಡ್ ಇಳಿಸುತ್ತಿದ್ದರು. ಗಂಡನ ಎಡಭುಜ ನೋವಿನಿಂದ ಹಿಡಿದುಕೊಂಡಾಗ ಗೇರಿನ ಕೆಲಸ ಇವರ ಪಾಲಿಗೆ ಬಂತು. ಅವರು ಕ್ಲಚ್ ತುಳಿದು "ಹೂಂ" ಅನ್ನಬೇಕು, ಇವರು ಪಕ್ಕದ ಸೀಟಿನಿಂದಲೇ ಗೇರ್ ಎಳೆಯಬೇಕು. ಒಂದೇ ವ್ಯಾನಿಗೆ ಇಬ್ಬರು ಡ್ರೈವರು. "ಆಮೇಲೆ ಸ್ಟೇರಿಂಗೂ ನಂದಾಯ್ತು, ಕ್ಲಚ್ಚೂ ನಂದಾಯ್ತು, ಬೈಗುಳ ಮಾತ್ರ ಅವರ ಹತ್ರಾನೇ ಉಳೀತು" ಎಂದು ನಗುತ್ತಾರೆ.

ಅವರದೊಂದು ಕಟ್ಟುನಿಟ್ಟಿನ ಪದ್ಧತಿ: ಮಗು ಕೈಯಿಂದ ಕೈಗೆ ಹೋಗಬೇಕು. ಬೆಳಿಗ್ಗೆ ನಮ್ಮ ಕೈಯಿಂದ ಅವರ ಕೈಗೆ, ಮಧ್ಯಾಹ್ನ ಅವರ ಕೈಯಿಂದ ನಮ್ಮ ಕೈಗೆ. "ಗೇಟ್ ಹತ್ರ ಬಿಟ್ಟುಬಿಡಿ, ಓಡಿ ಬರ್ತಾಳೆ" ಎಂದರೆ ಕೇಳುವುದಿಲ್ಲ. ಇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೆ ಮಗುವನ್ನು ಮತ್ತೆ ಕೂರಿಸಿಕೊಂಡು, ಉಳಿದ ಮಕ್ಕಳನ್ನೆಲ್ಲ ಮುಟ್ಟಿಸಿ, ಇನ್ನೊಂದು ಸುತ್ತು ಬರುತ್ತಾರೆ.

ಈ ಪದ್ಧತಿ ನಡೆಯುತ್ತಿದ್ದದ್ದು ಮಿಸ್ಡ್ ಕಾಲ್ ಮೇಲೆ. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಡಿಲಲ್ಲಿ ಕೂಸು. ಕೂಸು ಮಲಗುವ ಹೊತ್ತಿಗೂ ಮಗಳು ಬರುವ ಹೊತ್ತಿಗೂ ಹುಟ್ಟಾ ಜಗಳ. ಮೊದಲನೇ ಮಹಡಿಯಲ್ಲಿ ಕಾಯಿಲೆಯವರಿದ್ದಾರೆ, ಹಾರ್ನ್ ಹೊಡೆಯುವ ಹಾಗಿಲ್ಲ. ಅದಕ್ಕೆ ಬನ್ನಕ್ಕ ರಸ್ತೆಯ ಮೂಲೆಯ ಪಂಕ್ಚರ್ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ಒಂದು ಅಂದರೆ ಮೂಲೆಗೆ ಬಂದೆ, ಕೆಳಗಿಳಿಯಿರಿ. ಎರಡು ಅಂದರೆ ಇವತ್ತು ತಡ, ನೀರು ಕುಡಿದು ಕೂತಿರಿ. ಫೋನ್ ಎತ್ತುವ ಹಾಗಿಲ್ಲ. ಒಮ್ಮೆ ಕೈತಪ್ಪಿ ಎತ್ತಿದ್ದಕ್ಕೆ, "ಪುಟ್ಟಿ ಅಮ್ಮಾ, ಇಡಿ ಇಡಿ, ಬರ್ತಿದೀನಿ" ಎಂದು ಗದರಿದ್ದರು. ಎರಡು ವರ್ಷ ದಿನಾ ಫೋನಿನಲ್ಲಿ ಸಿಕ್ಕ ಹೆಂಗಸಿನ ಜೊತೆ ಫೋನಿನಲ್ಲಿ ನಾನು ಆಡಿದ ಮಾತು ಅಷ್ಟೇ.

ಹಳೆಯ ನೆಟ್‌ವರ್ಕ್ ನಿಲ್ಲಿಸುತ್ತಿದ್ದೇವೆ, ಇನ್ನು ಮುಂದೆ ನಿಮಗೆ ಇನ್ನಷ್ಟು ಉತ್ತಮ ಸೇವೆ ಎಂದು ನನ್ನ ಫೋನಿಗೊಂದು ಮೆಸೇಜ್ ಬಂದಿತ್ತು. ಯಾರು ಓದುತ್ತಾರೆ? ಅಳಿಸಿ ಹಾಕಿದೆ. ಉತ್ತಮ ಸೇವೆ ಶುರುವಾದ ಮೇಲೆ ಅಮ್ಮನ ಹತ್ತಿರ ಮಾತಾಡಬೇಕಾದರೆ ನಾನು ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಬೇಕಾಯಿತು. "ಏನೇ, ಬಾವಿಯೊಳಗಿಂದ ಮಾತಾಡ್ತಿದೀಯಾ?" ಎಂದು ಅಮ್ಮ ಆ ಕಡೆಯಿಂದ ಕೂಗುತ್ತಿದ್ದಳು. ನಮ್ಮವರ ಫೋನು ಬೇರೆ ಕಂಪನಿಯದು, ಬಾತ್‌ರೂಮಿನಲ್ಲೂ ಗಣಗಣ ಅನ್ನುತ್ತಿತ್ತು. ನಿನ್ನ ಫೋನಿಗೆ ವಯಸ್ಸಾಯಿತು ಎಂದರು. ಇರಬಹುದು ಎಂದುಕೊಂಡೆ.

ಅದೇ ದಿನಗಳಲ್ಲಿ ಬನ್ನಕ್ಕನ ಮಿಸ್ಡ್ ಕಾಲ್ ನಿಂತಿತು.

ನಾನು ಅಂದಾಜಿನ ಮೇಲೆ ಕೂಸನ್ನು ಎತ್ತಿಕೊಂಡು ಇಳಿದು ಬಿಸಿಲಲ್ಲಿ ನಿಲ್ಲತೊಡಗಿದೆ. ಕೆಲವು ದಿನ ನಾನು ಬೇಗ, ಕೆಲವು ದಿನ ವ್ಯಾನ್ ಬೇಗ. ಕೆಳಗೆ ಟೈಲರಕ್ಕ ಇದ್ದಾಳೆ, ನೆಲಮಹಡಿಯ ಬಾಡಿಗೆ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಹೊಲಿಯುತ್ತಾಳೆ. ಅವಳ ಮಗನೂ ಅದೇ ವ್ಯಾನಿನಲ್ಲಿ ಬರುತ್ತಾನೆ. ಅವಳಿಗೂ ಮಿಸ್ಡ್ ಕಾಲ್ ಬರುತ್ತಿರಲಿಲ್ಲ.

"ನಾನೇ ಫೋನ್ ಮಾಡಿ ನೋಡಿದೆ ಕಣೇ" ಎಂದಳು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಬರುತ್ತೆ. ಮೂಲೆಯಲ್ಲಿ ನಿಂತಿರೋಳು ವ್ಯಾಪ್ತಿ ಹೊರಗೆ ಹೇಗಿರ್ತಾಳೆ? ಅವಳು ಮೂಲೇಲಿಲ್ಲ. ಮಕ್ಕಳನ್ನ ತುಂಬ್ಕೊಂಡು ಇನ್ನೆಲ್ಲಿಗೋ ಹೋಗ್ತಾಳೆ."

"ಎಲ್ಲಿಗೆ ಹೋಗ್ತಾರೆ ಟೈಲರಕ್ಕ, ಮಕ್ಕಳನ್ನ ಕಟ್ಕೊಂಡು?"

"ಅದನ್ನ ನೀನೇ ಯೋಚನೆ ಮಾಡು. ನಾನು ಹೇಳಿದ್ರೆ ಕೆಟ್ಟೋಳಾಗ್ತೀನಿ."

ಹೇಳಿದ್ದರೆ ಒಳ್ಳೆಯದಿತ್ತು. ಹೇಳದೆ ಬಿಟ್ಟದ್ದಕ್ಕೆ ನನ್ನ ತಲೆಯೊಳಗೆ ಹತ್ತು ಹುಳ ಬಿಟ್ಟಂತಾಯಿತು. ಮರುದಿನ ಬೆಳಿಗ್ಗೆ ಮಗಳನ್ನು ವ್ಯಾನಿಗೆ ಹತ್ತಿಸುವಾಗ ಬನ್ನಕ್ಕನನ್ನು ಕೇಳಿಯೇಬಿಟ್ಟೆ. "ಈಗ ನಿಮ್ಮ ಫೋನೇ ಬರ್ತಿಲ್ಲವಲ್ಲ, ಯಾಕೆ?"

ಯಾವಾಗಲೂ ನನ್ನ ಕೂಸಿನ ಪಾದ ಮುಟ್ಟದೆ ಹೋಗದ ಹೆಂಗಸು ಅವತ್ತು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಯಾಕೆ ಅಂತ ನಿಮಗೇ ಗೊತ್ತಿರಬೇಕು" ಎಂದು ಬಾಗಿಲು ಎಳೆದುಕೊಂಡರು.

ನನಗೇನು ಗೊತ್ತಿರಬೇಕು? ಆ ಮಾತನ್ನು ದಿನವಿಡೀ ಮೆಲುಕು ಹಾಕಿದೆ. ತಪ್ಪಿಲ್ಲದವರು ಹಾಗೆ ಮಾತಾಡುತ್ತಾರೆಯೇ? ಟೈಲರಕ್ಕನಿಗೆ ಹೇಳಿದರೆ, "ನೋಡಿದ್ಯಾ, ಕಳ್ಳನ ಮನಸ್ಸು ಹುಳ್ಳಗೆ" ಎಂಬಂತೆ ತಲೆಯಾಡಿಸಿ, "ಇನ್ನು ಕೇಳಬೇಡ, ಎಚ್ಚೆತ್ತುಕೊಳ್ತಾಳೆ. ಸುಮ್ನೆ ನೋಡ್ತಾ ಇರೋಣ" ಎಂದಳು.

ಮರುದಿನದಿಂದಲೇ ಇನ್ನೊಂದು ಶುರುವಾಯಿತು. ಗೊತ್ತಿಲ್ಲದ ನಂಬರಿನಿಂದ ಮಿಸ್ಡ್ ಕಾಲ್. ಒಂದೇ ಸಲ ಬಡಿದು ನಿಲ್ಲುತ್ತಿತ್ತು. ಟೈಲರಕ್ಕನಿಗೂ ಅದೇ ನಂಬರು. ಎದುರಿನ ಸಾಲಿನ ಇನ್ನಿಬ್ಬರು ಅಮ್ಮಂದಿರಿಗೂ ಅದೇ. ಕಿಟಕಿಯ ಬಳಿ ನಿಂತು ನಾನು ತಿರುಗಿ ಫೋನ್ ಮಾಡಿದೆ. ಆ ಕಡೆ ಗಂಡಸಿನ ದನಿ. "ಯಾರು?"

"ನೀವು ಯಾರು? ನೀವೇ ಮಾಡಿದ್ದು."

"ನಾನ್ ಮಾಡಿಲ್ಲಮ್ಮ" ಎಂದಿತು ದನಿ. ಹಿಂದೆ ಮಕ್ಕಳ ಗಲಾಟೆ. ಯಾರೋ "ನಂದು, ನಂದು" ಎಂದು ಕಿರುಚಿದರು. ಅದು ನನ್ನ ಮಗಳ ದನಿಯೇ ಎಂದು ನನ್ನ ಕಿವಿ ಹೇಳಿತು. ಫೋನ್ ಕಟ್ಟಾಯಿತು.  ಇಳಿದು ಓಡಿದರೆ ವ್ಯಾನ್ ಆಗಲೇ ಗೇಟಿನ ಮುಂದೆ ನಿಂತಿತ್ತು. ಬನ್ನಕ್ಕ ಏನೂ ಆಗದವರಂತೆ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು ಹೊರಟುಹೋದರು.

ಅನ್ನ ಕಲಸಿಕೊಡುತ್ತಾ ಮಗಳನ್ನು ಮೆಲ್ಲಗೆ ಕೇಳಿದೆ. "ಪುಟ್ಟಿ, ದಾರಿಯಲ್ಲಿ ಯಾರಾದ್ರೂ ಮಾಮ ಸಿಗ್ತಾರಾ?"

"ಹೂಂ. ಕಪ್ಪು ಮಾಮ."

"ಕಪ್ಪು ಮಾಮ ಏನ್ಮಾಡ್ತಾರೆ?"

"ಹಾವನ್ನ ನೀರಲ್ಲಿ ಮುಳುಗಿಸ್ತಾರೆ. ಗುಳುಗುಳು ಅನ್ನುತ್ತೆ. ಬನ್ನಕ್ಕ ಅವರ ಫೋನ್ ಇಸ್ಕೊಂಡು ಮೂಗು ಒರೆಸ್ಕೋತಾರೆ."

ಹಾವು ಎಂದರೆ ಸೈಕಲ್ಲಿನ ಟ್ಯೂಬು, ಕಪ್ಪು ಎಂದರೆ ಗ್ರೀಸು, ಅವನು ಮೂಲೆಯ ಪಂಕ್ಚರ್ ಅಂಗಡಿಯವನು ಎಂದು ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಆದರೆ ಹೊಳೆದದ್ದರಿಂದ ಸಮಾಧಾನವೇನೂ ಆಗಲಿಲ್ಲ. ಬನ್ನಕ್ಕ ತಮ್ಮ ಫೋನ್ ಆರಿಸಿಟ್ಟು ಅವನ ಫೋನಿನಿಂದ ಮಾಡುವುದೇಕೆ? ಮೂಗು ಒರೆಸಿಕೊಳ್ಳುವಂಥದ್ದೇನು? ಸಂಜೆ ನಮ್ಮವರಿಗೆ ಹೇಳಿದೆ. ಅವರು ನನ್ನ ಫೋನ್ ತೆಗೆದುಕೊಂಡು ಆ ನಂಬರನ್ನು ಬ್ಲಾಕ್ ಮಾಡಿದರು.

"ರೀ, ಅದರಲ್ಲಾದ್ರೂ ವ್ಯಾನ್ ಬಂತು ಅಂತ ಗೊತ್ತಾಗ್ತಿತ್ತು."

"ಪಂಕ್ಚರ್ ಅಂಗಡಿಯವನ ಹತ್ರ ನಿನ್ನ ನಂಬರ್ ಇರೋದು ಬೇಕಾ?"

ಬೇಡ ಎಂದೆ. ಟೈಲರಕ್ಕನೂ ಬ್ಲಾಕ್ ಮಾಡಿದಳು, ಎದುರು ಸಾಲಿನವರಿಗೂ ಮಾಡಿಸಿದಳು. ಅಷ್ಟೇ ಅಲ್ಲ, ಸೋಮವಾರದಿಂದ ಮಕ್ಕಳನ್ನು ಶಾಲೆಯ ಬಸ್ಸಿಗೇ ಹಾಕುವುದು ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಬನ್ನಕ್ಕನಿಗೆ ಮೊದಲೇ ಹೇಳುವುದು ಬೇಡ, ಸಿಟ್ಟಿನಲ್ಲಿ ಮಕ್ಕಳಿಗೆ ಏನಾದರೂ ಅಂದರೆ ಕಷ್ಟ ಎಂಬುದೂ ಟೈಲರಕ್ಕನ ಮಾತೇ. ನಮ್ಮ ರಸ್ತೆಯ ಮಕ್ಕಳು ಬಿಟ್ಟರೆ ಆ ವ್ಯಾನಿನಲ್ಲಿ ಅರ್ಧ ಬೆಂಚೂ ತುಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ಗಾಡಿ ನಿಂತರೆ ಆ ಗಂಡ ಹೆಂಡತಿಗೆ ಬೇರೆ ಕೆಲಸವಿಲ್ಲ. ಆದರೂ ಮಗಳ ಮುಖ ನೋಡಿದರೆ ಬೇರೆ ಯೋಚನೆಗೆ ಜಾಗವೇ ಇರಲಿಲ್ಲ. ಬಸ್ಸಿಗೆ ಹೆಸರು ಕೊಟ್ಟೆ.

ಶುಕ್ರವಾರ ಕೂಸಿಗೆ ಜ್ವರ. ಮೈ ಒರೆಸಿ, ಔಷಧಿ ಕುಡಿಸಿ, ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಾ ತಟ್ಟುತ್ತಾ ನಾನೂ ಗೋಡೆಗೆ ಒರಗಿದ್ದೇ ತಡ, ಕಣ್ಣು ಹತ್ತಿಬಿಟ್ಟಿತು. ಎಚ್ಚರವಾದಾಗ ಮಗಳು ಬರುವ ಹೊತ್ತು ಮೀರಿತ್ತು. ಕೂಸನ್ನು ಸೊಂಟಕ್ಕೇರಿಸಿಕೊಂಡು ಇಳಿದೆ. ಟೈಲರಕ್ಕನ ಕೋಣೆಗೆ ಬೀಗ. ಗುಂಡಿ, ದಾರ ತರಲು ಪೇಟೆಗೆ ಹೋಗಿದ್ದಳು. ಗೇಟಿನಲ್ಲಿ ಯಾರೂ ಇಲ್ಲ. ಎದುರಿನ ದಿನಸಿ ಅಂಗಡಿಯವರನ್ನು ಕೇಳಿದೆ.

"ವ್ಯಾನ್ ಬಂದಿತ್ತಮ್ಮ. ನಿಂತಿತ್ತು, ಹೋಯ್ತು."

"ನನ್ನ ಮಗಳು?"

"ಇಳಿದಿದ್ದು ನೋಡ್ಲಿಲ್ಲ."

ಬನ್ನಕ್ಕನಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಕೈಯಿಂದ ಕೈಗೆ ಎಂಬ ಅವರ ಪದ್ಧತಿ ನನಗೆ ನೆನಪಿತ್ತು, ಯಾರೂ ಇಲ್ಲದ್ದಕ್ಕೆ ಕರೆದುಕೊಂಡು ಹೋಗಿದ್ದಾರೆ ಎಂದು ಬುದ್ಧಿ ಹೇಳುತ್ತಿತ್ತು. ಕಾಲು ಬುದ್ಧಿಯ ಮಾತು ಕೇಳಲಿಲ್ಲ. ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡಿದ್ದೆ ಎಂದು ತಿಳಿದದ್ದು ಪಂಕ್ಚರ್ ಅಂಗಡಿ ಮುಟ್ಟಿದ ಮೇಲೆ.

ವ್ಯಾನ್ ಅಲ್ಲಿತ್ತು. ಟೈಲರಕ್ಕನ ಮಗ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ನನ್ನ ಮಗಳು ಹಳೆಯ ಟೈರಿನ ಮೇಲೆ ಕೂತು ನೀರಿನ ತೊಟ್ಟಿಗೆ ಕೈ ಅದ್ದಿದ್ದಳು. ಬನ್ನಕ್ಕ ಅಂಗಡಿಯವನ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದರು. ನಾನು ಮಗಳ ತೋಳು ಹಿಡಿದು ಎಳೆದುಕೊಂಡೆ. ಎಳೆತ ಜೋರಾಯಿತು, ಅವಳು ಅತ್ತಳು, ಅದು ಕೇಳಿ ಕೂಸೂ ಶುರುಮಾಡಿತು.

"ಇಲ್ಲಿ ಯಾಕೆ ಕೂರಿಸಿದೀರಿ ಇವಳನ್ನ?"

"ಎಲ್ಲಿ ಕೂರಿಸಲಿ? ಗೇಟಲ್ಲಿ ಯಾರಿದ್ರಿ? ಎರಡು ಸುತ್ತು ಬಂದೆ."

"ಫೋನ್ ಮಾಡಬೇಕಿತ್ತು!"

"ಮಾಡಬೇಕಿತ್ತಾ?" ಬನ್ನಕ್ಕ ಫೋನನ್ನು ಕಿವಿಯಿಂದ ಇಳಿಸಿದರು. "ಬ್ಲಾಕ್ ಮಾಡಿ ಕೂತು ಫೋನ್ ಮಾಡಬೇಕಿತ್ತು ಅಂತೀರಲ್ಲ ಪುಟ್ಟಿ ಅಮ್ಮ!"

"ಯಾರು ಬ್ಲಾಕ್ ಮಾಡಿದ್ದು?"

"ನೀವು! ಟೈಲರಮ್ಮ! ಎದುರು ಸಾಲಿನೋರು! ಎಲ್ಲಾ ಸೇರಿ ಒಂದೇ ದಿನ ಮಾಡಿದೀರಿ. ನನಗೇನು ಗೊತ್ತಾಗಲ್ವಾ? ಕೂಯ್ ಅಂತ ಒಂದು ಸದ್ದು ಬಂದು ಕಟ್ಟಾಗುತ್ತೆ. ನನ್ನ ತಂಗಿ ಬ್ಲಾಕ್ ಮಾಡಿದಾಗಲೂ ಹೀಗೇ ಆಗ್ತಿತ್ತು. ವರ್ಷಗಟ್ಟಲೆ ಕೇಳಿದೀನಿ ಆ ಸದ್ದನ್ನ. ಇವನ ಫೋನಲ್ಲಿ ಮಾಡಿದ್ರೆ ಹೋಗೋದು, ನನ್ನ ಫೋನಲ್ಲಿ ಮಾಡಿದ್ರೆ ಹೋಗಲ್ಲ. ಅದಕ್ಕೇನರ್ಥ?"

ನಾನು ಕೈಯಲ್ಲಿದ್ದ ಫೋನಿನಿಂದ ಬನ್ನಕ್ಕನ ನಂಬರ್ ಒತ್ತಿ, ಇಬ್ಬರಿಗೂ ಕೇಳುವಂತೆ ಮಧ್ಯದಲ್ಲಿ ಹಿಡಿದೆ. ಅವರಿಗೂ ನನಗೂ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಕೂಯ್ ಎಂದು ಕಟ್ಟಾಯಿತು.

"ಹಾಗಾದ್ರೆ ನೀವೂ ನನ್ನ ಬ್ಲಾಕ್ ಮಾಡಿದೀರಾ ಬನ್ನಕ್ಕ?"

"ನಾನ್ಯಾಕೆ ಮಾಡಲಿ? ನನಗೆ ಮಾಡೋಕೂ ಬರಲ್ಲ."

ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಉಪ್ಪು ಕಾಗದ ತಿಕ್ಕುತ್ತಲೇ, "ಇಬ್ಬರದ್ದೂ ಒಂದೇ ಕಂಪನೀನಾ?" ಎಂದ. ಹೌದು ಎಂದೆವು. "ಇಲ್ಲಿ ಅದು ಸತ್ತು ಹೋಗಿ ಎಷ್ಟು ದಿನ ಆಯ್ತು. ಹಳೇ ನೆಟ್‌ವರ್ಕ್ ನಿಲ್ಲಿಸಿದ್ರಲ್ಲ. ಹೊಸ ಟವರ್ ರೈಲು ಹಳಿಯಾಚೆ. ಈ ಮೂಲೆಗೆ ಏನೂ ಬರಲ್ಲ. ನನ್ನದು ಬೇರೆ ಕಂಪನಿ."

ಬನ್ನಕ್ಕ ಅವನತ್ತ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬೊಗಳೋಕೇನಾಗಿತ್ತು?"

"ನೀವು ಫೋನ್ ಕೊಡು ಅಂದ್ರಿ, ಕೊಟ್ಟೆ. ಅಳ್ತಾ ನಿಂತೋರನ್ನ ಯಾಕೆ ಅಂತ ಕೇಳೋಕಾಗುತ್ತಾ?"

ಬನ್ನಕ್ಕನ ಮನೆ ಇರುವುದು ಹಳಿಯಾಚೆ, ಟವರಿನ ಮಗ್ಗುಲಲ್ಲೇ. ಸಂಜೆ ಮನೆಯಿಂದ ಒಮ್ಮೆ ಮಾಡಿ ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. "ಬೇಡ ಅಂದೋರಿಗೆ ಮನೆಗೆ ಹೋಗಿ ಮತ್ತೆ ಫೋನ್ ಮಾಡೋದಾ? ನನಗೂ ಮಾನ ಇಲ್ವಾ?" ಎಂದರು. ನಾವೂ ಸಂಜೆ ಒಮ್ಮೆ ಮಾಡಿದ್ದರೆ ತಿಳಿಯುತ್ತಿತ್ತು. ಎಚ್ಚೆತ್ತುಕೊಳ್ಳುತ್ತಾರೆ ಎಂದು ಮಾಡಿರಲಿಲ್ಲ.

ನನಗೆ ನಗು ಬಂತು. ಆದರೆ ಬನ್ನಕ್ಕ ನಗಲಿಲ್ಲ. ಏನೋ ಲೆಕ್ಕ ಹಾಕುವವರಂತೆ ತಮ್ಮ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಗಾದ್ರೆ ನನ್ನ ತಂಗಿಯೂ..." ಎಂದು ನಿಲ್ಲಿಸಿದರು. ತಂಗಿಯದು ನೆಟ್‌ವರ್ಕ್ ನಿಲ್ಲಿಸುವುದಕ್ಕಿಂತ ಎಷ್ಟೋ ಮೊದಲಿನ ಮಾತು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಕೂಸಿನ ಟೋಪಿ ಸರಿಮಾಡಿದೆ.

ಆಮೇಲೆ ಅವರು ಮುಖವೆತ್ತಿ ನೇರವಾಗಿ ಕೇಳಿದರು. "ಸರಿ, ನನ್ನ ಫೋನಿಗೆ ಸಿಗ್ನಲ್ ಇಲ್ಲ. ಇವನದ್ದಕ್ಕಿದೆಯಲ್ಲ. ಮೊನ್ನೆಯಿಂದ ಇವನ ಫೋನೂ ನಿಮ್ಮ ಯಾರಿಗೂ ಹೋಗ್ತಿಲ್ಲ. ಅದು ಯಾವ ಟವರ್ರು?"

ಸುಳ್ಳು ಹೇಳಲು ಒಳ್ಳೆಯ ಅವಕಾಶವಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. "ಅದನ್ನ ಬ್ಲಾಕ್ ಮಾಡಿದ್ವಿ" ಎಂದೆ. "ಯಾರೋ ಗಂಡಸಿನ ದನಿ ಬಂತು, ಹೆದರಿಕೆ ಆಯ್ತು."

"ನಾನೇನ್ ಮಾಡ್ದೆ?" ಎಂದ ಪಂಕ್ಚರ್ ಅಂಗಡಿಯವನು.

ಬನ್ನಕ್ಕ ಅವನನ್ನು ಕೈಯಿಂದಲೇ ಸುಮ್ಮನಾಗಿಸಿದರು. "ಅಂದ್ರೆ ಮಾಡ್ತೀರಿ. ಹೆದರಿಕೆ ಆದ್ರೆ ಮಾಡ್ತೀರಿ. ಇನ್ನೇನು ಮಾಡಿದೀರಿ? ಬಸ್ಸಿಗೆ ಹೆಸರು ಕೊಟ್ರಾ?"

ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಯಾರೂ ಹೇಳಿರಲಿಕ್ಕಿಲ್ಲ. ಫೋನಿನ ಸದ್ದನ್ನು ತಪ್ಪಾಗಿ ಓದಿದ ಹೆಂಗಸು ನಮ್ಮ ಮುಖಗಳನ್ನು ಸರಿಯಾಗಿಯೇ ಓದಿದ್ದರು. "ಕೊಟ್ವಿ" ಎಂದೆ. "ಸೋಮವಾರದಿಂದ."

ಅವರು ಜಗಳವಾಡಲಿಲ್ಲ. ವ್ಯಾನಿನ ಬಾಗಿಲೆಳೆದು, ನಿದ್ದೆಯಲ್ಲಿದ್ದ ಹುಡುಗನ ತಲೆ ಬೆಂಚಿಗೆ ಬಡಿಯದಂತೆ ಅವನ ಚೀಲವನ್ನು ಕೆಳಗೆ ಸಿಕ್ಕಿಸಿದರು. "ಇವನಮ್ಮ ಬರೋವರೆಗೂ ನಿಮ್ಮ ಗೇಟಲ್ಲೇ ನಿಲ್ತೀನಿ. ನೀವೂ ಹತ್ತಿ, ಮಗೂಗೆ ಬಿಸಿಲು ತಗಲುತ್ತೆ" ಎಂದರು. ಹತ್ತಿದೆ. ಬ್ರೆಡ್ಡಿನ ವಾಸನೆಯ ಆ ಬೆಂಚಿನ ಮೇಲೆ ನಾನು ಕೂತದ್ದು ಅದೇ ಮೊದಲು. ಕೂಸಿನ ಹಣೆ ಮುಟ್ಟಿ ನೋಡಲು ನಾನು ಬಾಗಿದಾಗ ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು, ನಾನು ನೋಡುತ್ತಲೇ ಕಣ್ಣು ಬೇರೆಡೆಗೆ ಹೊರಳಿಸಿದರು.

ಗೇಟಿನಲ್ಲಿ ಇಳಿಯುವಾಗ, "ನಾನು ಬಸ್ಸು ಬೇಡ ಅಂತ ಹೇಳ್ತೀನಿ ಬನ್ನಕ್ಕ" ಎಂದೆ.

"ಹೇಳಿದ ಮೇಲೆ ಹೇಳಿ" ಎಂದರು. "ಸೋಮವಾರ ಈ ಕಡೆ ಬರ್ತೀನಿ. ನಿಂತಿದ್ರೆ ಹತ್ತಿಸ್ಕೋತೀನಿ."

ಬರುತ್ತಾರೋ ಇಲ್ಲವೋ ಎಂದು ನನಗೆ, ನಿಂತಿರುತ್ತೇನೋ ಇಲ್ಲವೋ ಎಂದು ಅವರಿಗೆ. ನಮ್ಮವರಿಗೆ ಎಲ್ಲವನ್ನೂ ಹೇಳಿ ಬಸ್ಸಿನಿಂದ ಹೆಸರು ತೆಗೆಸಿದೆ. ಎದುರು ಸಾಲಿನ ಒಬ್ಬರು ಒಪ್ಪಿದರು, ಇನ್ನೊಬ್ಬರು ನೋಡೋಣ ಎಂದರು. ಟೈಲರಕ್ಕ ಮಾತ್ರ ಮಷಿನ್ ನಿಲ್ಲಿಸಲೇ ಇಲ್ಲ. "ಸಿಗ್ನಲ್ ಅಂತೆ ಸಿಗ್ನಲ್. ಎಲ್ಲಾದಕ್ಕೂ ಒಂದು ಕಾರಣ ಸಿಗುತ್ತೆ. ನಿನಗೆ ಅವಳ ಕಣ್ಣೀರು ಕಾಣಿಸ್ತು, ಕರಗಿಹೋದೆ. ನನ್ನ ಮಗನನ್ನ ನಾನು ಬಸ್ಸಿಗೇ ಹಾಕ್ತೀನಿ."

ಸೋಮವಾರ ಬೆಳಿಗ್ಗೆ ನಾನು ಕೂಸನ್ನೆತ್ತಿಕೊಂಡು, ಮಗಳ ಕೈ ಹಿಡಿದು ಬೇಗನೇ ಇಳಿದೆ. ರಸ್ತೆಯ ಆಚೆ ಬದಿಯಲ್ಲಿ ಟೈಲರಕ್ಕ ಮಗನಿಗೆ ಕಾಲುಚೀಲ ಎಳೆಯುತ್ತಾ ಬಸ್ಸಿಗೆ ಕಾಯುತ್ತಿದ್ದಳು. ವ್ಯಾನ್ ನಿಧಾನವಾಗಿ ಬಂತು, ಎಷ್ಟು ನಿಧಾನವೆಂದರೆ ಯಾರು ಯಾರು ನಿಂತಿದ್ದಾರೆ ಎಂದು ಎಣಿಸಿಕೊಂಡು ಬರುವಂತೆ. ಬನ್ನಕ್ಕ ಇಳಿದು ಮಗಳ ಕೈಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಕೂರಿಸಿದರು. ನನ್ನ ಮುಖ ನೋಡಿದರು. ಎದುರು ಸಾಲಿನಿಂದ ಒಂದು ಮಗು ಬಂತು. ಇನ್ನೊಂದು ಬರಲಿಲ್ಲ.

ಬಾಗಿಲು ಮುಚ್ಚಿತು. ಎಂಜಿನ್ ಗುರುಗುಟ್ಟುತ್ತಲೇ ಇತ್ತು, ವ್ಯಾನ್ ಮಾತ್ರ ಹೊರಡಲಿಲ್ಲ.

"ಹೊತ್ತಾಗಲ್ವಾ ಬನ್ನಕ್ಕ?" ಎಂದೆ.

"ಅವನು ಬಸ್ ಹತ್ತಲಿ" ಎಂದರು, ಆಚೆ ಬದಿಯನ್ನು ನೋಡುತ್ತಾ. "ದೊಡ್ಡ ಬಸ್ಸು. ಕೆಳಗಿಳಿದು ಕೈ ಹಿಡೀತಾರೋ ಇಲ್ವೋ ನೋಡಬೇಕು."

ಬಸ್ಸು ಬಂತು. ಒಬ್ಬ ಹೆಂಗಸು ಇಳಿದು ಹುಡುಗನ ಕೈ ಹಿಡಿದು ಹತ್ತಿಸಿಕೊಂಡಳು, ಬಾಗಿಲು ಹಾಕಿಕೊಂಡಿತು. ಆಮೇಲೆ ವ್ಯಾನ್ ಕದಲಿತು. ಟೈಲರಕ್ಕ ರಸ್ತೆ ದಾಟಿ ನೇರ ನನ್ನ ಬಳಿಗೇ ಬಂದಳು.

"ನೋಡಿದ್ಯಾ?" ಎಂದಳು, ವ್ಯಾನ್ ಹೋದ ದಿಕ್ಕಿಗೆ ಗದ್ದ ಎತ್ತಿ. "ಅಷ್ಟು ಹೊತ್ತು ನಿಂತು ಏನು ನೋಡ್ತಿದ್ಲು ಅವಳು?"

ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನಂಬದವಳಂತೆ ತನ್ನ ಕೋಣೆಯ ಬೀಗ ತೆಗೆಯಲು ಹೋದಳು.